ನಮ್ಮೂರ ವಿಶ್ವವಿದ್ಯಾಲಯ ಮತ್ತು ನಮ್ಮ ಮಕ್ಕಳು

(ಸಂಘದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

  ನಾನು ದೊಡ್ಡ ವಿದ್ವಾಂಸರ ಸಾಲಿಗೆ ಸೇರಿದವಳಲ್ಲ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವ ಒಬ್ಬ ಶಾಲಾ ಶಿಕ್ಷಕಿ. ಆದ್ದರಿಂದ ನಿತ್ಯ ಕಣ್ಣಿಗೆ ಬೀಳುವ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಅದು ನಮ್ಮ ಬಳ್ಳಾರಿಯ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದ ಸುದ್ದಿ.

ಸುದ್ದಿ ಎಂದರೆ ಏನು? ಬೆಳಗಿನ ಪತ್ರಿಕೆಯ ಜಿಲ್ಲಾ ಪುಟ ತೆರೆಯಿರಿ. ಘಟಿಕೋತ್ಸವ ನಡೆಯಿತು, ಇಷ್ಟು ಮಂದಿಗೆ ಚಿನ್ನದ ಪದಕ, ಇಂಥವರಿಗೆ ಪಿಎಚ್.ಡಿ., ಅಂತರ ಕಾಲೇಜು ಕ್ರೀಡಾಕೂಟ, ಯುವಜನೋತ್ಸವ, ಎನ್‌ಎಸ್‌ಎಸ್ ಶಿಬಿರ, ಒಂದು ವಿಶೇಷ ಉಪನ್ಯಾಸ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಆಹ್ವಾನ. ನಾವು ಇವನ್ನು ಪಕ್ಕದ ಊರಿನ ಮದುವೆಯ ಸುದ್ದಿಯಂತೆ ಓದಿ ಪುಟ ತಿರುವಿ ಹಾಕುತ್ತೇವೆ. ಆ ಸುದ್ದಿ ನಮ್ಮದಲ್ಲ ಎಂದು ನಮಗೆ ಯಾರೂ ಹೇಳಿಲ್ಲ. ನಾವೇ ಹಾಗೆಂದುಕೊಂಡುಬಿಟ್ಟಿದ್ದೇವೆ. ಈ ಅಭ್ಯಾಸವನ್ನು ಬಿಡಿಸುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಮೊದಲಿಗೆ ಈ ವಿಶ್ವವಿದ್ಯಾಲಯ ನಮ್ಮೂರಿಗೆ ಎಷ್ಟು ತಡವಾಗಿ ಬಂದಿತು ಎಂಬುದನ್ನು ನೆನಪಿಸಿಕೊಳ್ಳೋಣ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. 1945ರಲ್ಲಿ ಇಲ್ಲಿ ವೀರಶೈವ ಕಾಲೇಜು ಆರಂಭವಾದಾಗ ಅದರ ಪದವಿ ಪತ್ರಗಳು ಮದ್ರಾಸ್ ವಿಶ್ವವಿದ್ಯಾಲಯದಿಂದ ಬರಬೇಕಿತ್ತು. ರಾಜ್ಯ ಬದಲಾದ ಮೇಲೆ ನಮ್ಮ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದತ್ತ ಮುಖ ಮಾಡಿದವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಬಳ್ಳಾರಿ ಅದರ ವ್ಯಾಪ್ತಿಗೆ ಸೇರಿತು. ಹಿರಿಯರಿಗೆ ಗೊತ್ತು, ಒಂದು ಅಂಕಪಟ್ಟಿಯ ತಿದ್ದುಪಡಿಗೆ, ಒಂದು ವಲಸೆ ಪ್ರಮಾಣಪತ್ರಕ್ಕೆ ರಾತ್ರಿ ಬಸ್ಸಿನಲ್ಲಿ ಗುಲಬರ್ಗಾಕ್ಕೆ ಹೋಗಿ ಬರಬೇಕಿತ್ತು. ಗಂಡುಮಕ್ಕಳು ಹೇಗೋ ಹೋಗಿ ಬಂದರು. ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳ ಓದು ಆ ರಾತ್ರಿ ಬಸ್ಸಿನ ಹೆದರಿಕೆಗೇ ನಿಂತುಹೋಯಿತು.

2010ರಲ್ಲಿ ನಮ್ಮದೇ ವಿಶ್ವವಿದ್ಯಾಲಯ ಬಂದಿತು. ಅದೇ ವರ್ಷದ ಜನವರಿಯಲ್ಲಿ ಹಂಪಿಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ 500ನೇ ವರ್ಷದ ಉತ್ಸವ ನಡೆದಿತ್ತು. ಆ ಹೆಸರೇ ವಿಶ್ವವಿದ್ಯಾಲಯಕ್ಕೂ ಬಂದಿತು. ಕನ್ನಡ ನಾಡಿನಲ್ಲಿ ರಾಜಧಾನಿ ಇಟ್ಟುಕೊಂಡು ತೆಲುಗಿನಲ್ಲಿ ಕಾವ್ಯ ಬರೆದ ದೊರೆ ಅವನು. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಬೀದಿಯಲ್ಲಿ ಕೇಳುವ ನಮ್ಮ ಬಳ್ಳಾರಿಗೆ ಇದಕ್ಕಿಂತ ಹೊಂದುವ ಹೆಸರು ಬೇರೆ ಯಾವುದಿದೆ? ಕಂಟೋನ್ಮೆಂಟಿನ ವಿನಾಯಕ ನಗರದಲ್ಲಿ ಜ್ಞಾನಸಾಗರ ಆವರಣವಿದೆ. ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರವಿದೆ. ಅಲ್ಲಿ ಖನಿಜ ಸಂಸ್ಕರಣೆಯಂಥ ವಿಷಯ ಕಲಿಸುತ್ತಾರೆ. ಸಂಡೂರಿನ ಕಬ್ಬಿಣದ ಅದಿರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಮ್ಮ ಕಣ್ಣ ಮುಂದೆಯೇ ಇವೆ. ಅಲ್ಲಿಗೆ ಲಾರಿ ಓಡಿಸುವವರಲ್ಲಿ, ವೆಲ್ಡಿಂಗ್ ಮಾಡುವವರಲ್ಲಿ ನಮ್ಮ ಹುಡುಗರಿದ್ದಾರೆ. ಅದಿರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ನೀವೇ ಎಣಿಸಿ ನೋಡಿ. ದುಡಿಮೆಯಲ್ಲಿ ಮೇಲು ಕೀಳಿಲ್ಲ. ಆದರೆ ಒಂದೇ ಗಣಿಯ ಸುತ್ತ ಎರಡು ಬಗೆಯ ಕೆಲಸ ಇರುವಾಗ ನಮ್ಮವರೆಲ್ಲ ಒಂದೇ ಕಡೆ ಏಕೆ ನಿಲ್ಲಬೇಕು?

ಈಗ ಸುದ್ದಿಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ.

ಮೊದಲನೆಯದು ಘಟಿಕೋತ್ಸವ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದ ಪ್ರಕಾರ ರಾಜ್ಯಪಾಲರು ಕುಲಾಧಿಪತಿಗಳು, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿಗಳು. ಅಂಥವರ ಸಮ್ಮುಖದಲ್ಲಿ ಪದವಿ ಪ್ರದಾನವಾಗುತ್ತದೆ. ಮರುದಿನ ಪತ್ರಿಕೆಯಲ್ಲಿ ಕೊರಳ ತುಂಬ ಪದಕ ಹಾಕಿಕೊಂಡ ಹುಡುಗಿಯರ ಭಾವಚಿತ್ರ ಬರುತ್ತದೆ. ಕೆಳಗಿನ ಸಾಲು ಓದಿದರೆ ತಂದೆ ಹಮಾಲಿ, ತಾಯಿ ಕೂಲಿ, ಊರು ಒಂದು ಹಳ್ಳಿ ಎಂದಿರುತ್ತದೆ. ಪದಕ ಹೇಗೆ ಬರುತ್ತದೆ ಎಂದು ನಮ್ಮ ಮಕ್ಕಳಿಗೆ ಯಾರಾದರೂ ತಿಳಿಸಿದ್ದೇವೆಯೇ? ಸಾಮಾನ್ಯವಾಗಿ ರ‍್ಯಾಂಕಿಗೆ ಎಲ್ಲ ಸೆಮಿಸ್ಟರಿನ ಅಂಕಗಳೂ ಲೆಕ್ಕಕ್ಕೆ ಬರುತ್ತವೆ, ಎಲ್ಲ ಪತ್ರಿಕೆಗಳಲ್ಲೂ ಮೊದಲ ಯತ್ನದಲ್ಲೇ ತೇರ್ಗಡೆಯಾಗಿರಬೇಕು. ಮೊದಲ ಸೆಮಿಸ್ಟರಿನಲ್ಲಿ ಅಲಕ್ಷ್ಯ ಮಾಡಿದವರಿಗೆ ಕೊನೆಯ ಸೆಮಿಸ್ಟರಿನ ಶ್ರಮ ಸಾಲದು. ಇದು ಗೊತ್ತಿದ್ದ ಮನೆಯ ಮಗು ಮೊದಲ ದಿನದಿಂದಲೇ ಓದುತ್ತದೆ. ಗೊತ್ತಿಲ್ಲದ ಮನೆಯ ಮಗು ಬುದ್ಧಿವಂತೆಯಾದರೂ ಹಿಂದೆ ಬೀಳುತ್ತದೆ.

ಎರಡನೆಯದು ಕ್ರೀಡೆ ಮತ್ತು ಯುವಜನೋತ್ಸವದ ಸುದ್ದಿ. ಕಾಲೇಜಿನಲ್ಲಿ ಗೆದ್ದವರು ವಿಶ್ವವಿದ್ಯಾಲಯದ ತಂಡ ಸೇರುತ್ತಾರೆ, ಅಲ್ಲಿಂದ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಹೋಗುತ್ತಾರೆ. ಕೌಲ್‌ ಬಜಾರಿನ ಬಯಲಿನಲ್ಲಿ ಸಂಜೆಯೆಲ್ಲ ಚೆಂಡು ಒದೆಯುವ ಹುಡುಗರಲ್ಲಿ ಆ ಮಟ್ಟದವರು ಇದ್ದೇ ಇದ್ದಾರೆ. ಆದರೆ ಹತ್ತನೆಯ ತರಗತಿಗೇ ಶಾಲೆ ಬಿಟ್ಟವನಿಗೆ ವಿಶ್ವವಿದ್ಯಾಲಯದ ಅಂಗಿ ತೊಡಿಸುವುದು ಯಾರಿಂದಲೂ ಸಾಧ್ಯವಿಲ್ಲ. ಆಟದ ದಾರಿಯೂ ಓದಿನ ಬಾಗಿಲಿನಿಂದಲೇ ಹೋಗುತ್ತದೆ.

ಮೂರನೆಯದು ಎನ್‌ಎಸ್‌ಎಸ್. 1969ರಲ್ಲಿ ದೇಶದಲ್ಲಿ ಆರಂಭವಾದ ಈ ಯೋಜನೆಯಲ್ಲಿ ವಿದ್ಯಾರ್ಥಿ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕು, ಏಳು ದಿನದ ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕು. ನಮ್ಮ ಹೆಣ್ಣುಮಕ್ಕಳು ಹೆಸರು ಕೊಟ್ಟಿರುತ್ತಾರೆ, ಶಿಬಿರದ ದಿನ ಬಂದಾಗ ಮನೆಯಿಂದ ಅನುಮತಿ ಸಿಗುವುದಿಲ್ಲ. ತಾಯಂದಿರೇ, ಶಿಬಿರಕ್ಕೆ ಮಹಿಳಾ ಅಧ್ಯಾಪಕರು ಜೊತೆಗೆ ಹೋಗುತ್ತಾರೆಯೇ, ವಸತಿ ಎಲ್ಲಿ ಎಂದು ಕಾಲೇಜಿಗೆ ಹೋಗಿ ಕೇಳಿ. ಅದನ್ನು ಕೇಳುವುದು ನಿಮ್ಮ ಹಕ್ಕು. ಕೇಳದೆಯೇ ಬೇಡ ಎನ್ನುವುದು ಮಾತ್ರ ಮಗಳಿಗೆ ಮಾಡುವ ಅನ್ಯಾಯ.

ನಾಲ್ಕನೆಯದು ಆ ಸಣ್ಣ ಅಕ್ಷರದ ಪ್ರಕಟಣೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸುದ್ದಿ ಇದೇ. ಪದಕದ ಚಿತ್ರ ಬೇರೆಯವರ ಮಗಳದ್ದು, ಈ ಪ್ರಕಟಣೆ ನಿಮ್ಮ ಮಗಳಿಗಾಗಿ ಬಂದದ್ದು. ಪರೀಕ್ಷಾ ಶುಲ್ಕದ ಕೊನೆಯ ದಿನ, ಮರುಮೌಲ್ಯಮಾಪನದ ಕೊನೆಯ ದಿನ, ಎಂ.ಎ., ಎಂ.ಕಾಂ., ಎಂ.ಎಸ್ಸಿ. ಅರ್ಜಿಯ ಕೊನೆಯ ದಿನ, ಎಲ್ಲವೂ ಅದರಲ್ಲೇ ಇರುತ್ತವೆ. ಸಿರುಗುಪ್ಪ ಕಡೆಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ, ಹೆಸರು ಬೇಡ. ಬಿ.ಎ.ಯಲ್ಲಿ ಒಳ್ಳೆಯ ಅಂಕ ಪಡೆದಿದ್ದಳು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡುವ ಆಸೆ. ತಂದೆ ಭತ್ತದ ಸುಗ್ಗಿಯಲ್ಲಿ ರೈಸ್ ಮಿಲ್ಲಿಗೆ ಹೋಗುವವರು. ಅರ್ಜಿಯ ಸುದ್ದಿ ತಿಳಿಯುವ ಹೊತ್ತಿಗೆ ನಾಲ್ಕು ದಿನ ಉಳಿದಿತ್ತು, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಆಧಾರದಲ್ಲಿ ಹೆಸರಿನ ಒಂದು ಅಕ್ಷರ ಬೇರೆ ಇತ್ತು, ಅಂಕಪಟ್ಟಿಯಲ್ಲಿ ಮತ್ತೊಂದು. ನಾಡಕಚೇರಿಗೆ ಎರಡು ಸಲ, ಸೈಬರ್ ಅಂಗಡಿಗೆ ಮೂರು ಸಲ ಓಡಾಡಿದರು. ಕೊನೆಯ ದಿನ ದಾಟಿತು. "ಮುಂದಿನ ವರ್ಷ ಹಾಕಿದರಾಯ್ತು ಬಿಡಮ್ಮಾ" ಎಂದರು. ಮುಂದಿನ ವರ್ಷ ಬರುವುದರೊಳಗೆ ಅವಳ ನಿಶ್ಚಿತಾರ್ಥ ಆಗಿತ್ತು. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ತಂದೆಗೆ ಮಗಳ ಮೇಲೆ ಪ್ರೀತಿಯೂ ಇತ್ತು. ಇಲ್ಲದ್ದು ಸರಿಯಾದ ಸಮಯಕ್ಕೆ ಒಂದು ಮಾಹಿತಿ, ಅಷ್ಟೇ.

ಈಗ ಲೆಕ್ಕದ ಮಾತಿಗೆ ಬರುತ್ತೇನೆ. 2006ರಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ ತನ್ನ ವರದಿ ಕೊಟ್ಟಿತು. ದೇಶದ ಪ್ರಮುಖ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬ ಮುಸ್ಲಿಂ, ಸ್ನಾತಕೋತ್ತರದಲ್ಲಿ 50 ಮಂದಿಗೆ ಒಬ್ಬ ಎಂದು ಅದು ಹೇಳಿತು. ಎಂದರೆ ಪದವಿಯಿಂದ ಮುಂದಿನ ಮೆಟ್ಟಿಲಿಗೆ ಹೋಗುವಾಗ ನಮ್ಮ ಪಾಲು ಅರ್ಧಕ್ಕೆ ಇಳಿಯುತ್ತದೆ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ ಸುಮಾರು 21 ಲಕ್ಷ ಇದ್ದ ಮುಸ್ಲಿಂ ವಿದ್ಯಾರ್ಥಿಗಳು 2020-21ರಲ್ಲಿ 19.21 ಲಕ್ಷಕ್ಕೆ ಇಳಿದರು. ಅದೇ ಅವಧಿಯಲ್ಲಿ ದೇಶದ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ 3.85 ಕೋಟಿಯಿಂದ 4.14 ಕೋಟಿಗೆ ಏರಿತು. ಅದು ಕೊರೋನಾ ವರ್ಷ, ಕಷ್ಟ ಎಲ್ಲರಿಗೂ ಇತ್ತು. ಆದರೂ ಉಳಿದವರು ಏರಿದರು, ನಾವು ಇಳಿದೆವು. ಮರುವರ್ಷ ಸಂಖ್ಯೆ ಚೇತರಿಸಿಕೊಂಡಿತು, ನಿಜ. ಆದರೆ ಮನೆಗೆ ಕಷ್ಟ ಬಂದಾಗ ಮೊದಲು ನಿಲ್ಲುವುದು ಓದೇ ಎಂಬ ಪಾಠವನ್ನು ಮರೆಯಬಾರದು.

ಯಾರು ನಿಲ್ಲುತ್ತಾರೆ? ನಮ್ಮ ಬಳ್ಳಾರಿಯಲ್ಲಿ ಇದರ ಉತ್ತರ ಎರಡು ಬಗೆ. ಹುಡುಗರು ದುಡಿಮೆಗೆ ಹೋಗುತ್ತಾರೆ. ಬಳ್ಳಾರಿ ಜೀನ್ಸ್ ಎಂದರೆ ಹೊರ ರಾಜ್ಯಗಳಲ್ಲೂ ಹೆಸರು. ಹೊಲಿಗೆ, ಗುಂಡಿ, ತೊಳೆಯುವ ಘಟಕ, ಪ್ಯಾಕಿಂಗ್, ಎಲ್ಲಿ ಹೋದರೂ ವಾರಕ್ಕೆ ಕೈಗೆ ಹಣ. ಹದಿನಾರರ ಹುಡುಗನಿಗೆ ಆ ಹಣ ದೊಡ್ಡದಾಗಿ ಕಾಣುತ್ತದೆ. ಮೂವತ್ತಾರಕ್ಕೂ ಹೆಚ್ಚು ಕಡಿಮೆ ಅದೇ ಕೆಲಸ, ಅದೇ ಕೈ ಎಂಬುದು ಆಗ ಕಾಣುವುದಿಲ್ಲ. ಹುಡುಗಿಯರು ಮಾತ್ರ ಓದುತ್ತಾರೆ, ಚೆನ್ನಾಗಿಯೇ ಓದುತ್ತಾರೆ, ಪದವಿಯ ಬಾಗಿಲಲ್ಲಿ ನಿಲ್ಲಿಸಲ್ಪಡುತ್ತಾರೆ. ಒಬ್ಬ ತಾಯಿ ನನ್ನನ್ನು ಕೇಳಿದರು, "ಟೀಚರ್, ಎಂ.ಎ. ಓದಿಸಿದ್ರೆ ಆಕಿಗೆ ತಕ್ಕ ಹುಡುಗ ಎಲ್ಲಿ ಸಿಗ್ತಾನ್ರೀ? ನಮ್ಮ ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸಲ್ಲ." ಈ ಪ್ರಶ್ನೆಯನ್ನು ನಗುವಂತಿಲ್ಲ. ಅದರಲ್ಲಿ ಸತ್ಯವಿದೆ. ಆದರೆ ಅದಕ್ಕೆ ಪರಿಹಾರ ಯಾವುದು ನೀವೇ ಯೋಚಿಸಿ. ಹುಡುಗರು ಕೆಳಗಿದ್ದಾರೆಂದು ಹುಡುಗಿಯರನ್ನು ಮೆಟ್ಟಿಲಿನಿಂದ ಇಳಿಸುವುದೇ, ಅಥವಾ ಹುಡುಗರನ್ನು ಕೈ ಹಿಡಿದು ಮೇಲಕ್ಕೆ ಕರೆತರುವುದೇ? ಮಗಳನ್ನು ಇಳಿಸಿದರೆ ಮಗ ಏರುವುದಿಲ್ಲ. ನಾಳೆ ಅವಳ ಮಕ್ಕಳಿಗೆ ಅಕ್ಷರ ತಿದ್ದಿಸಬೇಕಾದ ಕೈಯೂ ದುರ್ಬಲವಾಗುತ್ತದೆ, ಅಷ್ಟೇ.

ಕೆಲವರು ಭಾಷೆಯ ಮಾತನ್ನು ಎತ್ತುತ್ತಾರೆ. ಉರ್ದು ಮಾಧ್ಯಮದಲ್ಲಿ ಓದಿದ ಮಗು ವಿಶ್ವವಿದ್ಯಾಲಯದಲ್ಲಿ ಏನು ಮಾಡೀತು ಎಂಬ ಅಂಜಿಕೆ. ಎರಡೂ ಭಾಷೆ ಕಲಿಸುವ ನನ್ನ ಅನುಭವ ಹೇಳುತ್ತೇನೆ. ಮಾತೃಭಾಷೆ ಗಟ್ಟಿಯಾಗಿದ್ದ ಮಗು ಕನ್ನಡವನ್ನು ಬೇಗ ಹಿಡಿಯುತ್ತದೆ. ತೊಂದರೆ ಬರುವುದು ಎರಡನ್ನೂ ಅರ್ಧಂಬರ್ಧ ಬಿಟ್ಟಾಗ. ಬಾನು ಮುಷ್ತಾಕ್ ಅವರನ್ನು ನೋಡಿ. ಮನೆಮಾತು ಉರ್ದು, ಬಾಲ್ಯದಲ್ಲಿ ಶಿವಮೊಗ್ಗದ ಕನ್ನಡ ಶಾಲೆ ಸೇರಿದರು, ಕನ್ನಡದಲ್ಲಿ ಕತೆ ಬರೆದರು. ದೀಪಾ ಭಾಸ್ತಿ ಅವರು ಮಾಡಿದ ಇಂಗ್ಲಿಷ್ ಅನುವಾದಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ನಿತ್ಯೋತ್ಸವದ ಕವಿ ಕೆ.ಎಸ್. ನಿಸಾರ್ ಅಹಮದ್ ಅವರು ಕಾಲೇಜಿನಲ್ಲಿ ಕಲಿಸಿದ್ದು ಭೂವಿಜ್ಞಾನ. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆ ಅವರಿದ್ದಾರೆ. 2010ರಲ್ಲಿ ಅವರ ವಿಮರ್ಶಾ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಇವರೆಲ್ಲ ನಮ್ಮಂಥ ಮನೆಗಳಿಂದಲೇ ಬಂದವರು. ಮನೆಗೆ ಒಂದು ಕನ್ನಡ ಪತ್ರಿಕೆ ತರಿಸಿ. ಏಳನೆಯ ತರಗತಿಯ ಮಗುವಿನಿಂದ ಅಜ್ಜನಿಗೆ ಅದನ್ನು ಓದಿಸಿ, ಅಜ್ಜನಿಂದ ಮಗುವಿಗೆ ಉರ್ದು ಕೇಳಿಸಿ. ಖರ್ಚು ಕಡಿಮೆ, ಫಲ ದೊಡ್ಡದು.

ದೂರ ಎಂಬ ನೆಪವೂ ಈಗ ಮೊದಲಿನಷ್ಟಿಲ್ಲ. ಕುರುಗೋಡಿನಿಂದ, ಸಿರುಗುಪ್ಪದಿಂದ, ತೆಕ್ಕಲಕೋಟೆಯಿಂದ ಬಳ್ಳಾರಿಗೆ ದಿನವೂ ಬಸ್ಸುಗಳಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ನಿತ್ಯ ಓಡಾಟ ಆಗದವರಿಗೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿವೆ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆಯಿದೆ. ಪಿಎಚ್.ಡಿ. ಮಾಡುವವರಿಗಿದ್ದ ಕೇಂದ್ರದ ಮೌಲಾನಾ ಆಜಾದ್ ಫೆಲೋಶಿಪ್ ಹೊಸಬರಿಗೆ 2022-23ರಿಂದ ನಿಂತುಹೋಗಿದೆ. ಆದ್ದರಿಂದ ಸಂಶೋಧನೆಯ ಆಸೆ ಇರುವವರು ಎಂ.ಎ. ಓದುವಾಗಲೇ ಎನ್‌ಇಟಿಗೆ ಸಿದ್ಧರಾಗಬೇಕು. ಉಪನ್ಯಾಸಕರಾಗಬೇಕೆಂಬವರಿಗೆ ಕೆ-ಸೆಟ್ ಇದೆ. 2023ನೇ ಸಾಲಿನಿಂದ ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಎರಡರಲ್ಲೂ ಕನ್ನಡ, ಉರ್ದು ವಿಷಯಗಳಿವೆ.

ನಮ್ಮ ಭಾಗದವರಿಗೆ ಇನ್ನೊಂದು ಬಲವಿದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ. ಅದರಡಿ 2013ರಲ್ಲಿ ಹೊರಟ ಆದೇಶದ ಪ್ರಕಾರ ಬಳ್ಳಾರಿಯೂ ಸೇರಿದ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ ಶೇ 8ರಷ್ಟು. ಸರ್ಕಾರಿ ನೌಕರಿಯಲ್ಲಿ 'ಸಿ' ವೃಂದದಲ್ಲಿ ಶೇ 80, 'ಡಿ' ವೃಂದದಲ್ಲಿ ಶೇ 85 ಮೀಸಲು. ಇದು ಜಾತಿ ಧರ್ಮ ನೋಡದೆ ಈ ನೆಲದ ಎಲ್ಲರಿಗೂ ದೊರೆತ ಹಕ್ಕು. ಆದರೆ ಅದಕ್ಕೂ ಒಂದು ಪ್ರಮಾಣಪತ್ರ ಬೇಕು, ಅದನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಮೊದಲೇ ಪಡೆದಿರಬೇಕು. ಹಸಿವಾದಾಗ ಬತ್ತ ಕುಟ್ಟಲು ಕುಳಿತರೆ ಊಟ ಯಾವಾಗ?

ವಿಶ್ವವಿದ್ಯಾಲಯದಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಹುದ್ದೆಗಳ ಕೊರಗು ಇದೆ, ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಎಷ್ಟೋ ಪಾಠಗಳು ನಡೆಯುತ್ತವೆ. ನಿಯಮಗಳೂ ಬದಲಾಗುತ್ತಿವೆ. 2021-22ರಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂದಿತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಕೊಪ್ಪಳಕ್ಕೆ 2023ರಲ್ಲಿ ಬೇರೆಯೇ ವಿಶ್ವವಿದ್ಯಾಲಯ ಆರಂಭವಾಯಿತು. 2021ರಲ್ಲಿ ಹೊಸಪೇಟೆ ಕಡೆಯ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾದವು. ಇಷ್ಟೆಲ್ಲ ಬದಲಾವಣೆಗಳ ನಡುವೆ ಓದುವ ಮನೆಯ ಮಕ್ಕಳಿಗೆ ದಾರಿ ತೋರಿಸಲು ಅಣ್ಣನೋ ಅಕ್ಕನೋ ಇರುತ್ತಾರೆ. ಮನೆಯಲ್ಲಿ ಮೊದಲ ಸಲ ಕಾಲೇಜಿಗೆ ಹೋದ ಮಗುವಿಗೆ ಯಾರಿದ್ದಾರೆ? ಆ ಅಣ್ಣ ಅಕ್ಕನ ಜಾಗದಲ್ಲಿ ನಮ್ಮ ಸಂಘ ನಿಲ್ಲಬೇಕು.

ಅದಕ್ಕಾಗಿ ನನ್ನ ವಿನಂತಿಗಳು ಮೂರೇ. ಒಂದು, ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಪದವಿಯ ಕೊನೆಯ ವರ್ಷದಲ್ಲಿರುವ ನಮ್ಮ ಮಕ್ಕಳ ಪಟ್ಟಿಯೊಂದನ್ನು ಮೊಹಲ್ಲಾವಾರು ಮಾಡೋಣ. ಫಲಿತಾಂಶ ಬರುವ ಮೊದಲೇ ಜಾತಿ, ಆದಾಯ, 371(ಜೆ) ಪ್ರಮಾಣಪತ್ರಗಳು ಇವೆಯೇ, ಆಧಾರ ಮತ್ತು ಅಂಕಪಟ್ಟಿಯ ಹೆಸರು ಒಂದೇ ಇದೆಯೇ ಎಂದು ನೋಡೋಣ. ಎರಡು, ವಿಶ್ವವಿದ್ಯಾಲಯದ ಪ್ರಕಟಣೆಗಳನ್ನು ಉರ್ದು ಮತ್ತು ಕನ್ನಡದಲ್ಲಿ ಬರೆದು ಶುಕ್ರವಾರ ಜನ ಸೇರುವ ಕಡೆ ಹಚ್ಚೋಣ. ಬರೆಯುವ ಕೆಲಸ ನನ್ನದು, ಹಚ್ಚುವ ಕೆಲಸ ನಿಮ್ಮದು. ಮೂರು, ದಾನಿಗಳಲ್ಲಿ ಒಂದು ಮಾತು. ಘಟಿಕೋತ್ಸವದ ಎಷ್ಟೋ ಪದಕಗಳು ದಾನಿಗಳು ಇಟ್ಟ ದತ್ತಿಯಿಂದ ಬರುತ್ತವೆ. ನಮ್ಮವರೂ ಅಂಥ ದತ್ತಿ ಇಡಲಿ, ಸಂತೋಷ. ಆದರೆ ಅದಕ್ಕಿಂತ ಮೊದಲು ಅರ್ಜಿ ಶುಲ್ಕ, ಪ್ರವೇಶ ಶುಲ್ಕ ಕಟ್ಟಲಾಗದ ಹತ್ತು ಮಕ್ಕಳ ಕೈ ಹಿಡಿಯಲಿ. ಪದಕ ಗೆಲ್ಲುವವಳು ಮೊದಲು ತರಗತಿಯ ಒಳಗೆ ಇರಬೇಕಲ್ಲವೇ?

ಜೀನ್ಸ್ ಘಟಕದಲ್ಲಿರುವ ಹುಡುಗರನ್ನೂ ಮರೆಯಬೇಡಿ. ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟಲು ಅವಕಾಶವಿದೆ. ಸಂಜೆ ಎರಡು ಗಂಟೆ ಪಾಠ ಹೇಳಲು ಈ ಸಭೆಯಲ್ಲಿರುವ ಶಿಕ್ಷಕರು ಸಿದ್ಧರಿದ್ದೇವೆ. ಜಾಗ ಮತ್ತು ದೀಪ ಸಂಘ ಕೊಡಲಿ, ಹುಡುಗರನ್ನು ಕೆಲಸದಿಂದ ಒಂದು ಗಂಟೆ ಮುಂಚೆ ಬಿಡಲು ಮಾಲೀಕರ ಮನವೊಲಿಸುವ ಹೊಣೆ ಹಿರಿಯರು ಹೊರಲಿ.

ನಾಳೆ ಬೆಳಿಗ್ಗೆ ಪತ್ರಿಕೆ ಬಂದಾಗ ಜಿಲ್ಲಾ ಪುಟದ ಮೂಲೆಯನ್ನೂ ಒಮ್ಮೆ ನೋಡಿ. ಅಲ್ಲಿ ಕೊನೆಯ ದಿನಾಂಕ ಇದ್ದರೆ ಕತ್ತರಿಸಿ ಇಟ್ಟುಕೊಂಡು, ನಿಮ್ಮ ಮನೆಯಲ್ಲಿ ಓದುವವರು ಇಲ್ಲದಿದ್ದರೆ ಪಕ್ಕದ ಮನೆಗೆ ಕೊಡಿ.